ಪದ ಬೇಕು: ಜೋಡಣೆ ಆಟದಲ್ಲಿ ವಸ್ತುವಿನ ಜಟಿಲತೆ ತೋರಿಸುವ ಅಂಕಿಗೆ

ವಸ್ತುಗಳನ್ನು ಕೂಡಿಸಿ ಹೊಸದು ಮಾಡುವ ಆಟವೊಂದರ ಅನುವಾದ ನಾಳೆ ಒಪ್ಪಿಸಬೇಕು. ಪ್ರತಿ ವಸ್ತುವಿನ ಕೆಳಗೆ ಜಟಿಲತೆಯ ಅಂಕಿ ಬರುತ್ತದೆ. ನೀರು, ಮಣ್ಣು, ಬೆಂಕಿ, ಗಾಳಿಗೆ 0. ನೀರು ಮಣ್ಣು ಸೇರಿ ಕೆಸರು, 1. ಕೆಸರಿಗೆ ಬೆಂಕಿ ಸೇರಿ ಇಟ್ಟಿಗೆ, 2. ಎರಡು ಇಟ್ಟಿಗೆಗೆ ಗೋಡೆ, 3. ಎರಡು ಗೋಡೆಗೆ ಮನೆ, 4. ‘ಸಂಕೀರ್ಣತೆಯ ಅಂಕ’ ಪಟ್ಟಿಯಲ್ಲಿ ಹಿಡಿಸುತ್ತಿಲ್ಲ, ಐದಕ್ಷರ ದಾಟಬಾರದು. ‘ತೊಡಕಂಕ’ ಆದೀತೇ?

> ತೊಡಕಂಕ

ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಆಗದು. ‘ಜಟಿಲ’ವೂ ಬೇಡ, ಅದು ಜಟೆಯಿಂದ ಬಂದದ್ದು, ಸಿಕ್ಕುಗಟ್ಟಿದ್ದು ಎಂದರ್ಥ. ಸಂಕೀರ್ಣ ಎಂದರೆ ಬೆರೆತದ್ದು; ಇಲ್ಲಿ ನಡೆಯುವುದೂ ಬೆರಕೆಯೇ. ‘ಸಂಕೀರ್ಣಾಂಕ’ ಎನ್ನಿ, ನಾಲ್ಕೇ ಅಕ್ಷರ.

> ಸಂಕೀರ್ಣಾಂಕ

ಗಣಿತ ಓದಿದವರಿಗೆ ಸಂಕೀರ್ಣ ಸಂಖ್ಯೆ ನೆನಪಾಗುತ್ತದೆ. ಅರಿಸಮಾಸವನ್ನು ‘ಶಬ್ದಮಣಿದರ್ಪಣ’ ಬರೆದ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಯಲ್ಲಿ ಒಪ್ಪಿದ್ದಾನೆ, ಆ ತಕರಾರು ಬಿಡಿ. ತೊಡಕಂಕದ ದೋಷವೇ ಬೇರೆ: ‘ತೊಡಕು 4’ ಎಂದು ಕಂಡರೆ ಆಡುವವರು ನಾಲ್ಕು ಕಡೆ ಏನೋ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಮೊದಲು ಎಣಿಸುತ್ತಿರುವುದೇನು ಹೇಳಿ. ಮನೆಗೆ 4 ಬಂದದ್ದು ಆಳದಿಂದಲೋ (ಮೂಲವಸ್ತುವಿನಿಂದ ಒಂದರ ಮೇಲೊಂದು ಎಷ್ಟು ಮೆಟ್ಟಿಲು ಎಂಬುದು) ಒಟ್ಟು ಜೋಡಣೆಗಳ ಎಣಿಕೆಯಿಂದಲೋ? ನಿಮ್ಮ ಉದಾಹರಣೆಯಲ್ಲಿ ಎರಡೂ 4. ಹಬೆ (ನೀರು, ಬೆಂಕಿ) 1, ಕೆಸರು 1. ಇವೆರಡನ್ನೂ ಕೂಡಿಸಿದ್ದಕ್ಕೆ ಆಳ 2, ಜೋಡಣೆ 3. ಮಾಡಿಟ್ಟದ್ದು ಬಳಸಿದೊಡನೆ ಖರ್ಚಾಗುವ ಆಟವಾದರೆ ಗೋಡೆಗೆ 2+2+1, ಅಂದರೆ 5. ಮನೆಗೆ 5+5+1, ಅಂದರೆ 11.

ಆಳವೇ. ಎರಡರಲ್ಲಿ ದೊಡ್ಡದಕ್ಕೆ 1 ಕೂಡಿಸುತ್ತಾರೆ. ಒಂದೇ ವಸ್ತುವಿಗೆ ಹಲವು ದಾರಿಗಳಿದ್ದರೆ ಬಂದ ಅಂಕಿಗಳಲ್ಲಿ ಚಿಕ್ಕದು.

ಹಾಗಾದರೆ ‘ತಲೆಮಾರು’. ಮಗು ಅಪ್ಪ ಅಮ್ಮನಿಗಿಂತ ಒಂದು ತಲೆಮಾರು ಮುಂದೆ, ಲೆಕ್ಕ ತಾನೇ ಕೂಡುತ್ತದೆ. ‘ಹಂತ’, ‘ಮಟ್ಟ’ ಆಟದ ಘಟ್ಟಗಳಿಗೆ ಈಗಾಗಲೇ ಸಲ್ಲುತ್ತವೆ. ಅಂಕಿ ಹಾಕುವಾಗ 0ಯಿಂದ ಹೊರಟು ಒಂದೊಂದೇ ತಲೆಮಾರು ಮುಗಿಸಿ. ಒಮ್ಮೆ ಬಂದ ಅಂಕಿಯನ್ನು ತಿದ್ದಬೇಡಿ. ಮನೆಯಿಂದ ಹಿಂದಕ್ಕೆ ಹುಡುಕುತ್ತ ಹೋದರೆ, ಗೋಡೆ ಒಡೆದು ಇಟ್ಟಿಗೆ ಪಡೆಯುವ ದಾರಿಯೂ ಇದ್ದಾಗ ಲೆಕ್ಕ ಸುತ್ತುತ್ತಲೇ ಇರುತ್ತದೆ.

ಇಷ್ಟೆಲ್ಲ ಯಾಕೆ? ‘ಸ್ಕೋರ್’ ಎಲ್ಲರಿಗೂ ಗೊತ್ತು.

ಸ್ಕೋರ್ ಆಡುವವರದು, ವಸ್ತುವಿನದಲ್ಲ. ಎರವಲಿಗೆ ನನ್ನ ವಿರೋಧವಿಲ್ಲ, ಈ ಆಟದ ಇಟ್ಟಿಗೆಯೇ ಇಷ್ಟಿಕಾದ ತದ್ಭವ. ಆದರೆ ಅದು ಕನ್ನಡದ ಬಾಯಿಗೆ ಒಗ್ಗಿ ಬಂದದ್ದು.

ತಲೆಮಾರು ಜೀವಿಗಳಿಗೆ ಮಾತ್ರ. ಇಟ್ಟಿಗೆಗೆ ವಂಶವಿಲ್ಲ.

ಯಂತ್ರಗಳಿಗೂ ‘ಹೊಸ ತಲೆಮಾರಿನದು’ ಎನ್ನುತ್ತೇವಲ್ಲ. ‘ಮನೆ, ತಲೆಮಾರು 4’ ಎಂದೇ ಹಾಕಿದ್ದೇನೆ, ಪಟ್ಟಿಯಲ್ಲಿ ಹಿಡಿಸಿತು. 0 ಇರುವಲ್ಲಿ ಅಂಕಿ ತೆಗೆದು ‘ಮೂಲ’ ಎಂದಿಟ್ಟೆ.

ಸಂಕೀರ್ಣಾಂಕವೇ ಸರಿ.