24 ಮೀಟರ್ ಘನದಲ್ಲಿ 40% ಪೊಳ್ಳು ಬೇಕು: ಲೆಕ್ಕ ತಾಳೆಯಾಗುತ್ತಿಲ್ಲ, ಬೂಲಿಯನ್ನೂ ಕೈಕೊಡುತ್ತಿದೆ

ಗೂಡು:
ರೈನೋದಲ್ಲಿ (3ಡಿ ಮಾಡೆಲಿಂಗ್ ಸಾಫ್ಟ್‌ವೇರ್) 24×24×24 ಮೀ. ಕಟ್ಟಡದ ಘನ, 8 ಮಹಡಿ, 3 ಮೀಟರಿಗೊಂದು ಸ್ಲ್ಯಾಬ್. ಕೊರೆದು ಪೊಳ್ಳು ಮಾಡಲು, ಅದರ ಗ್ರಾಸ್‌ಹಾಪರ್‌ನಲ್ಲಿ (ನಿಯಮ ಕೊಟ್ಟು ಆಕಾರ ಹುಟ್ಟಿಸುವ ಸಾಧನ) 3 ಮೀ. ತ್ರಿಜ್ಯದ 49 ಗೋಳಗಳನ್ನು ರ‍್ಯಾಂಡಮ್ ಆಗಿ ಚೆಲ್ಲಿದ್ದೇನೆ. ಕೇಂದ್ರದ ಎತ್ತರವನ್ನು ಮಾತ್ರ ಒಳಗಿನ 7 ಸ್ಲ್ಯಾಬ್ ಮಟ್ಟಗಳಿಗೆ ಕೂರಿಸಿದ್ದೇನೆ. ಗೋಳವೊಂದಕ್ಕೆ 113.1 ಘನ ಮೀಟರ್, 49ಕ್ಕೆ 5,542. ಅಂದರೆ 13,824ರಲ್ಲಿ 40% ಹೋಗಬೇಕು. ಮೆಶ್ (ಸಣ್ಣ ತ್ರಿಕೋನಗಳ ಬಲೆ) ಮಾಡಿ ಅಳೆದರೆ 29% ಮಾತ್ರ. ಸಾಲಿಡ್‌ನಲ್ಲಿ (ನಿಖರ ಮೈಗಳ ಘನರೂಪ) ಬೂಲಿಯನ್ ಡಿಫರೆನ್ಸ್, ಅಂದರೆ ಘನದಿಂದ ಗೋಳಗಳನ್ನು ಕಳೆಯುವುದು, ಒಪ್ಪುತ್ತಲೇ ಇಲ್ಲ. ತಪ್ಪು ಎಲ್ಲಿದೆ?

ಜಾಲಂದ್ರ:
ಎರಡು ಬೇರೆ ಬೇರೆ ತಪ್ಪುಗಳು.

ಮೊದಲನೆಯದು ಎಣಿಕೆ. ಗೋಳಗಳು ಒಂದರೊಳಗೊಂದು ನುಗ್ಗಿರುವ ಕಡೆ ಅದೇ ಜಾಗವನ್ನು ನೀವು ಎರಡು ಸಲ ಎಣಿಸಿದ್ದೀರಿ. ಪಕ್ಕದ ಗೋಡೆ ದಾಟಿ ಹೊರಬಿದ್ದ ಭಾಗವೂ ಲೆಕ್ಕಕ್ಕೆ ಸೇರಿದೆ. ಹೀಗೆ ಚೆಲ್ಲಿದರೆ 40% ಬರಲು 70ರ ಆಸುಪಾಸು ಗೋಳ ಬೇಕು. ಸರಿಯಾದ ಸಂಖ್ಯೆಯನ್ನು ಅಳೆದೇ ನೋಡಬೇಕು, ಗುಣಿಸಿ ಅಲ್ಲ.

ಎರಡನೆಯದು ಬೂಲಿಯನ್. ನಿಮ್ಮ ಗೋಳದ ತ್ರಿಜ್ಯ 3 ಮೀ., ಮಹಡಿಯ ಎತ್ತರವೂ 3 ಮೀ. ಹಾಗಾಗಿ 21 ಮೀ. ಮಟ್ಟದ ಪ್ರತಿ ಗೋಳವೂ ಘನದ ಮೇಲ್ಮುಖವನ್ನು ಒಂದೇ ಬಿಂದುವಿನಲ್ಲಿ ಸವರುತ್ತದೆ, 3 ಮೀ. ಮಟ್ಟದ್ದು ತಳವನ್ನು. ಅಲ್ಲಿ ಛೇದನ ರೇಖೆ ಹುಟ್ಟುವುದೇ ಇಲ್ಲ, ರೇಖೆಯಿಲ್ಲದೆ ರೈನೋ ಕತ್ತರಿಸುವುದಾದರೂ ಎಲ್ಲಿ? ಇಂಟರ್ಸೆಕ್ಟ್ ಆಜ್ಞೆ ಕೊಟ್ಟು ನೋಡಿ, ಅಂಥ ಕಡೆ ಮುಚ್ಚಿದ ವೃತ್ತದ ಬದಲು ಬರೀ ಚುಕ್ಕಿ ಸಿಗುತ್ತದೆ.

ಕೇಂದ್ರಗಳನ್ನು 0.4 ಮೀ. ಮೇಲೆತ್ತಿ. ಆಗ ಗೋಳ ತನ್ನ ಸ್ಲ್ಯಾಬ್‌ನಲ್ಲಿ 5.95 ಮೀ. ವ್ಯಾಸದ ತೂತು, ಮೇಲಿನದರಲ್ಲಿ 2.99 ಮೀ. ತೂತು ಕೊರೆಯುತ್ತದೆ, ಕೆಳಗಿನದನ್ನು ಮುಟ್ಟುವುದಿಲ್ಲ. ಸೆಕ್ಷನ್ (ಕಟ್ಟಡವನ್ನು ನಿಲುವಾಗಿ ಸೀಳಿದ ನಕ್ಷೆ) ಕೂಡ ಇದರಿಂದಲೇ ಚೆನ್ನಾಗಿ ಕಾಣುತ್ತದೆ, ಒಂದೇ ಪೊಳ್ಳಿಗೆ ಎರಡು ಅಳತೆಯ ಬಾಯಿ. ಮೊದಲು ಗೋಳಗಳನ್ನೆಲ್ಲ ಯೂನಿಯನ್ ಮಾಡಿ (ಒಂದಾಗಿ ಬೆಸೆದು), ಆಮೇಲೆ ಒಂದೇ ಸಲ ಕಳೆಯಿರಿ. ಮಾಡೆಲ್ ಮೂಲಬಿಂದುವಿನ (0,0,0) ಹತ್ತಿರವೇ ಇರಲಿ.

ತೊಲೆಕಂಬ:
ಸಾಲಿಡ್ ಗೊಡವೆಯೇ ಬೇಡ ಅನ್ನುವವರು ಡಿಸ್ಟನ್ಸ್ ಫೀಲ್ಡ್ (ಪ್ರತಿ ಬಿಂದು ಮೈಯಿಂದ ಎಷ್ಟು ದೂರ ಅನ್ನುವ ಲೆಕ್ಕ) ಕಟ್ಟಿ, ಜಾಗವನ್ನು ಪುಟ್ಟ ಘನಕೋಶಗಳಾಗಿ ಒಡೆದು ಮೈ ಹುಡುಕುವ ಮಾರ್ಚಿಂಗ್ ಕ್ಯೂಬ್ಸ್ ವಿಧಾನದಿಂದ ಮೆಶ್ ತೆಗೆಯಬಹುದು. ಬೂಲಿಯನ್ ಹಾಗೆ ಕೈಕೊಡುವುದಿಲ್ಲ, ಆದರೆ ಘನದ ಚೂಪು ಅಂಚುಗಳನ್ನು ಕಡಲೆಹಿಟ್ಟಿನ ಉಂಡೆಯ ಹಾಗೆ ಮೊಂಡು ಮಾಡಿಬಿಡುತ್ತದೆ. ಕೋಶದ ಅಳತೆ ಅರ್ಧಕ್ಕಿಳಿಸಿದರೆ ಲೆಕ್ಕದ ಹೊರೆ 8 ಪಟ್ಟು. ರೂಪ ಹುಡುಕುವಾಗ ಒಳ್ಳೆಯದು, ಅಂತಿಮ ನಕ್ಷೆಗೆ ನಾನಂತೂ ಹೇಳುವುದಿಲ್ಲ.

ಬೆಳಕಿಂಡಿ:
ಶೇಕಡಾವಾರಿಗಿಂತ ಮುಖ್ಯವಾದದ್ದು ಪೊಳ್ಳು ಪೊಳ್ಳಿಗೆ ಕೂಡಿದೆಯೇ ಅನ್ನುವುದು. ಒಳಗೇ ಮುಚ್ಚಿಕೊಂಡ ಗೋಳ 40%ಗೆ ಸೇರುತ್ತದೆ, ಗಾಳಿಗೂ ಬೆಳಕಿಗೂ ಸೇರುವುದಿಲ್ಲ. ಎಂಐಟಿಯ ವಿದ್ಯಾರ್ಥಿನಿಲಯ ಸಿಮನ್ಸ್ ಹಾಲ್ (2002) ಸೆಕ್ಷನ್ ನೋಡಿ. ವಾಸ್ತುಶಿಲ್ಪಿ ಸ್ಟೀವನ್ ಹಾಲ್ ಅಲ್ಲಿ ಸ್ಪಂಜಿನಂಥ ಪೊಳ್ಳುಗಳನ್ನು ಮಹಡಿಗಳ ಮೂಲಕವೇ ಹಾಯಿಸಿ ಬೆಳಕನ್ನು ಕೆಳಗಿಳಿಸಿದ್ದಾರೆ.

ಪರೀಕ್ಷೆ ಹೀಗೆ: ಮಾದರಿಯನ್ನು ವಾಕ್ಸೆಲ್‌ಗಳಾಗಿ (ಪುಟ್ಟ ಘನಗಳಾಗಿ) ಒಡೆದು, ಹೊರಗಿನಿಂದ ಫ್ಲಡ್ ಫಿಲ್ ಬಿಡಿ, ಅಂದರೆ ಖಾಲಿ ವಾಕ್ಸೆಲ್‌ನಿಂದ ಪಕ್ಕದ ಖಾಲಿ ವಾಕ್ಸೆಲ್‌ಗೆ ನೀರಿನಂತೆ ಹರಡಲಿ. ಮುಟ್ಟಿದ್ದು ತೆರೆದ ಪೊಳ್ಳು, ಮುಟ್ಟದ್ದು ಮುಚ್ಚಿದ್ದು. 0.25 ಮೀ. ವಾಕ್ಸೆಲ್ ಆದರೆ 8,84,736 ಸಾಕು, ಆದರೆ 15 ಸೆಂ.ಮೀ. ಗೋಡೆ ಅದರ ಕಣ್ಣಿಗೆ ಬೀಳದೆ ಸುಳ್ಳು ದಾರಿ ತೆರೆದುಕೊಳ್ಳಬಹುದು. 0.1 ಮೀ. ವಾಸಿ. ಒಂದು ವಾಕ್ಸೆಲ್‌ಗೆ ನೆರೆಹೊರೆ 6 ಮಾತ್ರ (ಮುಖಕ್ಕೆ ಮುಖ ತಾಗುವವು) ಇರಲಿ. ಅಂಚು, ಮೂಲೆ ತಾಗುವವನ್ನೂ ಸೇರಿಸಿ 26 ಇಟ್ಟರೆ ಮೂಲೆಮೂಲೆಗಳಲ್ಲಿ ಸೋರುತ್ತದೆ.

ಗೂಡು:
ಎತ್ತಿದ ಮೇಲೆ ಬೂಲಿಯನ್ ಒಪ್ಪಿತು, ಧನ್ಯವಾದ. 1:100ರಲ್ಲಿ 3ಡಿ ಪ್ರಿಂಟ್ ತೆಗೆಯಬೇಕು. ಗೋಳಗಳ ನಡುವೆ ಎಷ್ಟು ಅಂತರ ಇರಬೇಕು?

ಜಾಲಂದ್ರ:
ಕೇಂದ್ರದಿಂದ ಕೇಂದ್ರಕ್ಕೆ 5.6ರಿಂದ 6.15 ಮೀ. ಒಳಗೆ ಬರುವ ಜೋಡಿಗಳನ್ನು ತೆಗೆದುಹಾಕಿ. 5.9 ಇದ್ದರೆ ಎರಡು ಗೋಳ ಕೂಡುವ ಕುತ್ತಿಗೆ ಬರೀ 1.09 ಮೀ., ಆಳು ಬಗ್ಗಿ ತೂರಬೇಕು. 5.6 ಆದರೆ 2.15 ಮೀ., ಬಾಗಿಲಿನಷ್ಟು. 6.05 ಇದ್ದರೆ ನಡುವೆ 5 ಸೆಂ.ಮೀ. ಗೋಡೆ ಉಳಿಯುತ್ತದೆ, 1:100ರಲ್ಲಿ ಅದು 0.5 ಮಿ.ಮೀ.; 0.4 ಮಿ.ಮೀ. ನಾಝಲ್‌ನಲ್ಲಿ (ಪ್ರಿಂಟರಿನ ಪ್ಲಾಸ್ಟಿಕ್ ಎಳೆ ಬರುವ ಮೂತಿ) ಒಂದೇ ಎಳೆ, ಸ್ಲೈಸರ್ (ಮಾದರಿಯನ್ನು ಪದರಗಳಾಗಿ ಸೀಳುವ ಸಾಫ್ಟ್‌ವೇರ್) ಅದನ್ನೂ ಬಿಟ್ಟರೆ ಅಲ್ಲಿ ತೂತು. 6.15ಕ್ಕೆ 1.5 ಮಿ.ಮೀ., ಗಟ್ಟಿ. ಪುಡಿಯಲ್ಲೋ ರೆಸಿನ್‌ನಲ್ಲೋ ಪ್ರಿಂಟ್ ಮಾಡುವುದಾದರೆ ಮುಚ್ಚಿದ ಗೋಳಕ್ಕೆ ಕಾಣದ ಕಡೆಯಿಂದ ಒಂದು ತೂತು ಕೊಡಿ, ಇಲ್ಲದಿದ್ದರೆ ಒಳಗಿನ ಮಾಲು ಹೊರಬರುವುದಿಲ್ಲ.