ಹಣ ಕೊಟ್ಟು ಆಡುವವರ ಪ್ರಶ್ನೆಗಳು: ಗೇಮ್ ವಿನ್ಯಾಸಕರ ಉತ್ತರ

ನಿರ್ವಾಹಕರು: ಆನ್‌ಲೈನ್ ಗೇಮ್‌ಗಳೊಳಗಿನ ಬೆಲೆ, ಬಹುಮಾನಗಳನ್ನು ರೂಪಿಸುವ ವಿನ್ಯಾಸಕರೊಬ್ಬರು ಇಂದು ಗುಂಪಿನಲ್ಲಿದ್ದಾರೆ. ಕೇಳಿ.

ಸದಸ್ಯೆ, ತುಮಕೂರು: ತಮ್ಮ ನನ್ನ ಮೊಬೈಲ್‌ನಲ್ಲಿ 1,600 ರೂಪಾಯಿಯ ಗೇಮ್ ನಾಣ್ಯ ಕೊಂಡುಬಿಟ್ಟಿದ್ದಾನೆ. ವಾಪಸ್ ಬರುತ್ತದೆಯೇ ಸರ್?

ವಿನ್ಯಾಸಕ: ಗೂಗಲ್ ಪ್ಲೇನಲ್ಲಿ ಕೊಂಡು 48 ಗಂಟೆ ಮೀರಿಲ್ಲದಿದ್ದರೆ ಅಲ್ಲಿಯೇ ಮನವಿ ಸಲ್ಲಿಸಿ. ಮೀರಿದ್ದರೆ ಗೇಮ್ ಕಂಪನಿಗೆ ಬರೆಯಿರಿ.

ಸದಸ್ಯ, ಹಾಸನ: ಹಾಸ್ಟೆಲ್‌ನ ನಾವು ಐವರು ನಾಲ್ಕು ವರ್ಷ ತಿಂಗಳು ತಪ್ಪದೆ ಹಣ ಕಟ್ಟಿ ಆಡಿದೆವು. ದೀಪಾವಳಿಗೆ ಕೊಂಡ ಬಂದೂಕು ಯುಗಾದಿಯ ಹೊತ್ತಿಗೆ ಕೆಲಸಕ್ಕೆ ಬಾರದಾಯಿತು. ಹೊಸದು ಅದೃಷ್ಟದ ಪೆಟ್ಟಿಗೆಯಲ್ಲಿ ಮಾತ್ರ ಸಿಗುತ್ತದೆ, ಹಣ ಕೊಟ್ಟು ತೆರೆಯುವ ತನಕ ಅದರಲ್ಲಿ ಏನಿದೆಯೆಂದು ಗೊತ್ತಾಗುವುದಿಲ್ಲ. ಗೆಳೆಯರ ಪಟ್ಟಿಯಲ್ಲಿ ಈಗ ನಾಲ್ಕೂ ಹೆಸರು ಬೂದುಬಣ್ಣದಲ್ಲಿವೆ, ಯಾರೂ ಆಡಲು ಬರುವುದಿಲ್ಲ. ನಾವೇ ಅತಿಯಾಗಿ ನಿರೀಕ್ಷಿಸಿದೆವೇ?

ವಿನ್ಯಾಸಕ: ಇಲ್ಲ. ನನ್ನನ್ನು ಕಾಡುವ ಪ್ರಶ್ನೆಯೇ ಇದು. ನೀವು ಕೊಟ್ಟದ್ದು ಬಂದೂಕಿನ ಬೆಲೆಯಷ್ಟೇ ಅಲ್ಲ, ನಾಳೆಯೂ ಅದು ಬಂದೂಕಾಗಿಯೇ ಇರುತ್ತದೆಂಬ ನಂಬಿಕೆಗೂ ಹಣ ಕೊಟ್ಟಿರಿ. 2011ರಲ್ಲಿ ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ ಈವ್ ಆನ್‌ಲೈನ್ ಎಂಬ ತನ್ನ ಬಾಹ್ಯಾಕಾಶದ ಆಟದೊಳಗೆ ಅಂಗಡಿ ತೆರೆಯಿತು. ಆಟದ ಪಾತ್ರ ತೊಡುವ ಒಂಟಿಗಣ್ಣಿನ ಕನ್ನಡಕವೊಂದಕ್ಕೆ 60 ಡಾಲರ್‌ಗೂ ಹೆಚ್ಚು ಬೆಲೆ! ತಿಂಗಳ ಚಂದಾ ಕಟ್ಟುತ್ತಿದ್ದವರೇ ತಿರುಗಿಬಿದ್ದರು. ಆಟದೊಳಗೆ ಜಿಟಾ ಎಂಬಲ್ಲಿ ತಮ್ಮ ಬಾಹ್ಯಾಕಾಶ ಹಡಗುಗಳನ್ನು ಒಟ್ಟುಗೂಡಿಸಿ ಅಲ್ಲಿನ ಸ್ಮಾರಕಕ್ಕೆ ಗುಂಡಿನ ಮಳೆಗರೆದರು. ಅಕ್ಟೋಬರ್‌ನಲ್ಲಿ ಮುಖ್ಯಸ್ಥರು ಕ್ಷಮೆ ಕೇಳಿದರು. ಅದೇ ತಿಂಗಳು ಕಂಪನಿಯ ಪ್ರತಿ ಐವರು ನೌಕರರಲ್ಲಿ ಒಬ್ಬರ ಕೆಲಸ ಹೋಯಿತು. ಗುಂಡು ಹಾರಿಸಿದವರಿಗೆ ಆಟದ ಮೇಲೆ ಇನ್ನೂ ಪ್ರೀತಿಯಿತ್ತು. ನಿಮ್ಮ ನಾಲ್ವರು ಸದ್ದಿಲ್ಲದೆ ಹೋದರು. ನನಗೆ ಅದೇ ಹೆಚ್ಚು ಭಯ.

ಸದಸ್ಯ, ಗದಗ: ಬಂದ ಸಂದೇಶ: ‘ಬೆಳಗಿನ ಜಾವ ಮೂರಕ್ಕೆ ಪೆಟ್ಟಿಗೆ ತೆರೆದರೆ ಒಳ್ಳೆಯದು ಸಿಗುತ್ತದೆ. ಉಚಿತ ನಾಣ್ಯಕ್ಕೆ ಈ ಲಿಂಕ್ ಒತ್ತಿ.’

ವಿನ್ಯಾಸಕ: ಒತ್ತಬೇಡಿ. ಯಾರಿಗೂ ಕಳಿಸಬೇಡಿ. ಪೆಟ್ಟಿಗೆಯಲ್ಲಿ ಏನು ಸಿಗಬೇಕೆಂದು ಸರ್ವರ್ ನಿರ್ಧರಿಸುತ್ತದೆ, ಗಡಿಯಾರವಲ್ಲ. ಇಂಥ ಲಿಂಕ್‌ಗಳು ಕದಿಯುವುದು ನಿಮ್ಮ ಪಾಸ್‌ವರ್ಡನ್ನು. ಇದನ್ನು ಎಷ್ಟು ಸಲ ಹೇಳಬೇಕು?

ಸದಸ್ಯ, ಮೈಸೂರು: ಆಟಕ್ಕೆ ಹಣ ಸುರಿಯುವವರದೇ ತಪ್ಪು.

ಸದಸ್ಯ, ಹಾಸನ: ನೀವು ಸಿನಿಮಾ ಟಿಕೆಟ್ ಕೊಳ್ಳುವುದಿಲ್ಲವೇ?

ಸದಸ್ಯ, ಮೈಸೂರು: ಸಿನಿಮಾದವರು ಮಧ್ಯಂತರದಲ್ಲಿ ಮತ್ತೆ ಟಿಕೆಟ್ ಕೇಳುವುದಿಲ್ಲ.

ಸದಸ್ಯ, ಹಾಸನ: ನಾನು ಹೇಳುತ್ತಿರುವುದೂ ಅದನ್ನೇ! ಓದಿ ಮಾತನಾಡಿ.

ಸದಸ್ಯೆ, ಉಡುಪಿ: ಗೇಮ್ ವಿನ್ಯಾಸ ಕಲಿಯಲು ಯಾವ ಕಾಲೇಜು ಒಳ್ಳೆಯದು?

ಸದಸ್ಯ, ಕೋಲಾರ: ಜನರ ಗಲಾಟೆಗೆ ಕಂಪನಿಗಳು ಎಂದಾದರೂ ಬಗ್ಗಿವೆಯೇ?

ವಿನ್ಯಾಸಕ: ಈವ್ ಕಥೆ ಮೇಲಿದೆ. ಇನ್ನೊಂದು, 2017ರ ನವೆಂಬರ್. ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಆಟದಲ್ಲಿ ಡಾರ್ತ್ ವೇಡರ್ ಪಾತ್ರವನ್ನು ಪಡೆಯಲು ಬೇಕಿದ್ದ 60,000 ಕ್ರೆಡಿಟ್‌ಗಳನ್ನು (ಆಟದೊಳಗಿನ ಹಣ) ಇಎ ಕಂಪನಿ 15,000ಕ್ಕೆ ಇಳಿಸಿತು, ಬಿಡುಗಡೆಯ ಮುನ್ನಾದಿನ ನಿಜವಾದ ಹಣ ಕೊಟ್ಟು ಆಟದೊಳಗೆ ಕೊಳ್ಳುವುದನ್ನೇ ಸ್ಥಗಿತಗೊಳಿಸಿತು.

ಸದಸ್ಯ, ಬೀದರ್: ಸರ್, ನನ್ನ ಹಣ ವಾಪಸ್ ಬರುತ್ತದೆಯೇ?

ವಿನ್ಯಾಸಕ: 48 ಗಂಟೆ. ಮೇಲೆ ಓದಿ.

ಸದಸ್ಯ, ಮೈಸೂರು: ಇಷ್ಟೆಲ್ಲ ಹೇಳುವ ನೀವೂ ಆ ಪೆಟ್ಟಿಗೆಗಳನ್ನು ಮಾಡಿದವರೇ ಅಲ್ಲವೇ?

ವಿನ್ಯಾಸಕ: ಎರಡು ಗೇಮ್‌ಗಳಿಗೆ ಮಾಡಿದ್ದೇನೆ. ಮೂರನೆಯದಕ್ಕೆ ಒಪ್ಪಲಿಲ್ಲ. ಹಾಸನದವರೇ, ಪಾವತಿ ನಿಲ್ಲಿಸುವಾಗ ಕಾರಣ ಕೇಳುವ ಚೌಕ ಬಂದರೆ ಖಾಲಿ ಬಿಡಬೇಡಿ. ‘ಬಂದೂಕು’ ಎಂದಷ್ಟೇ ಬರೆದರೂ ಸಾಕು. ನಮ್ಮಲ್ಲಿ ಅವನ್ನು ಓದುವವನು ನಾನು.