ಮ್ಯೂಸಿಕಲ್‌ಗೆ ಮೊದಲ ಸಾಲು ಬೇಡ ಚಿಕ್ಕಮ್ಮ

ಚಿಕ್ಕಮ್ಮ, ಮೊದಲ ಸಲ ಸ್ಟೇಜ್ ಮ್ಯೂಸಿಕಲ್‌ಗೆ ಹೋಗ್ತಿದೀವಿ, ಅಜ್ಜಿನೂ ಬರ್ತಾರೆ, ಮೊದಲ ಸಾಲಲ್ಲೇ ಸೀಟ್ ತಗೊಳ್ಳೋಣ್ವಾ ಅಂತ ಕೇಳಿದ್ರಲ್ಲ, ಅದಕ್ಕೆ ಹೇಳ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ.

ಮೊದಲ ಸಾಲು ಬೇಡ. ಮ್ಯೂಸಿಕಲ್ ಅಂದ್ರೆ ಹಾಡು, ಕುಣಿತದ ನಾಟಕ, ಇಲ್ಲಿ ಕಥೆ ಮುಂದಕ್ಕೆ ಹೋಗೋದೇ ಹಾಡಿನ ಸಾಹಿತ್ಯದಲ್ಲಿ, ಅದು ಕಿವಿಗೆ ಬೀಳ್ಲಿಲ್ಲ ಅಂದ್ರೆ ಬಂದಿದ್ದೇ ದಂಡ. ವೇದಿಕೆ ಮುಂದಿನ ತಗ್ಗಿನಲ್ಲಿ ವಾದ್ಯದವರು ಕೂತಿದ್ರೆ, ಮೊದಲ ಸಾಲಿಗೆ ಡ್ರಮ್ಮು, ಟ್ರಂಪೆಟ್ಟು ನೇರ ಬಡಿಯುತ್ತೆ. ಹಾಡೋರ ದನಿ ಬರೋ ದೊಡ್ಡ ಸ್ಪೀಕರ್‌ಗಳು ಮೇಲೆ, ಪಕ್ಕದಲ್ಲಿ ಇರ್ತವೆ, ಆ ದನಿ ನಿಮ್ಮ ತಲೆ ದಾಟಿ ಹಿಂದಕ್ಕೆ ಹೋಗುತ್ತೆ. ವೇದಿಕೆ ಎತ್ತರ ಇದ್ರೆ ಕುಣಿಯೋರ ಪಾದಾನೂ ಕಾಣಲ್ಲ.

ಬುಕ್ ಮಾಡೋ ಮುಂಚೆ ಸೌಂಡ್ ಡೆಸ್ಕ್, ಅಂದ್ರೆ ದನಿ ಹೊಂದಿಸೋ ಮೇಜು, ಎಲ್ಲಿದೆ ಅಂತ ವಿಚಾರಿಸಿ. ಸಾಮಾನ್ಯವಾಗಿ ಕೆಳಗಿನ ಮಹಡಿಯ ಹಿಂಭಾಗದಲ್ಲಿರುತ್ತೆ. ಅಲ್ಲಿ ಕೂತೋರು ತಮ್ಮ ಕಿವಿಗೆ ಕೇಳಿಸಿದ ಹಾಗೇ ಒಂದೊಂದು ಮೈಕನ್ನೂ ಏರಿಸಿ ಇಳಿಸ್ತಾರೆ. ಅದಕ್ಕೇ ಅದರ ಮುಂದಿನ ನಡು ಸಾಲುಗಳಲ್ಲಿ ಪದ ಸ್ಪಷ್ಟ. ಆದ್ರೆ ಬಾಲ್ಕನಿ ಅಡಿಗೆ ತುಂಬಾ ಒಳಗೆ ಹೋಗ್ಬೇಡಿ, ದನಿ ಮಂಕಾಗುತ್ತೆ, ಸೆಟ್ಟಿನ ಮೇಲ್ಭಾಗ ಮುಚ್ಚಿಹೋಗುತ್ತೆ. ಗುಂಪು ನೃತ್ಯ ಜಾಸ್ತಿ ಇರೋ ಪ್ರದರ್ಶನ ಆದ್ರೆ ಬಾಲ್ಕನಿಯ ಎರಡನೇ, ಮೂರನೇ ಸಾಲು ನನಗೆ ಇನ್ನೂ ಇಷ್ಟ. ಕುಣಿಯೋರು ಸುತ್ತು ಕಟ್ಟೋದು, ಒಡೆಯೋದು ಮೇಲಿಂದ ನೋಡಿದ್ರೇ ಚೆಂದ. ಬಾಲ್ಕನಿಯ ಮೊದಲ ಸಾಲಲ್ಲಿ ಮಾತ್ರ ಕಂಬಿ ಅಡ್ಡ ಬರುತ್ತೆ, ಮಕ್ಕಳಿಗಂತೂ ಆಗಲ್ಲ.

ಅಜ್ಜಿ ಕಿವಿ ಮೆಷಿನ್‌ಗೆ ಟಿ ಸೆಟ್ಟಿಂಗ್ ಇದ್ಯಾ ನೋಡಿ. ರಂಗಮಂದಿರದಲ್ಲಿ ಇಂಡಕ್ಷನ್ ಲೂಪ್, ಅಂದ್ರೆ ದನಿಯನ್ನ ಕಾಂತದ ಅಲೆಯಾಗಿ ಕಳಿಸೋ ತಂತಿ ಸುತ್ತು, ಇದ್ರೆ ಆ ಟಿ ಸೆಟ್ಟಿಂಗ್‌ನಲ್ಲಿ ಹಾಡು ನೇರ ಮೆಷಿನ್‌ಗೇ ಬರುತ್ತೆ. ಲೂಪ್ ಕೆಲವು ಸೀಟಿಗಷ್ಟೇ ಇರಬಹುದು, ಬುಕ್ ಮಾಡುವಾಗಲೇ ಕೇಳಿ. ಯಾರಿಗಾದ್ರೂ ಉಬ್ಬಸ ಅಥವಾ ಮೂರ್ಛೆ ರೋಗ ಇದ್ರೆ ಹೊಗೆ, ಮಿಂಚೋ ದೀಪ ಇದ್ಯಾ ಅಂತಾನೂ ಕೇಳಿ.

ಹೋಗೋ ಮುಂಚೆ ಕಥೆ ನಾಲ್ಕು ಸಾಲು ಓದಿ, ಮೊದಲ ಅಂಕದ ಮೂರ್ನಾಲ್ಕು ಹಾಡು ಕೇಳಿ. ಕೊನೇ ಹಾಡು ಬಿಟ್ಟಿರಿ, ಅದನ್ನ ಅಲ್ಲೇ ಮೊದಲ ಸಲ ಕೇಳ್ಬೇಕು. 1985ರಲ್ಲಿ ಲಂಡನ್‌ನಲ್ಲಿ ಇಂಗ್ಲಿಷ್‌ನಲ್ಲಿ ಶುರುವಾದ ಲೆ ಮಿಸರಾಬ್ಲ್ ಅನ್ನೋ ಮ್ಯೂಸಿಕಲ್ ಥರದ್ದಾದ್ರೆ ಈ ತಯಾರಿ ಬೇಕೇ ಬೇಕು, ಅದರಲ್ಲಿ ಬಿಡಿ ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಎಲ್ಲಾ ಹಾಡೇ.

ಅರ್ಧ ಗಂಟೆ ಮುಂಚೆ ಇರಿ. ತಡವಾದ್ರೆ ಹಾಡಿನ ನಡುವೆ ಒಳಗೆ ಬಿಡಲ್ಲ. ಪರದೆ ಏಳೋ ಮುಂಚೆ ನುಡಿಸೋ ಸಂಗೀತದಲ್ಲೂ ಮಾತಾಡ್ಬೇಡಿ, ಮುಂದೆ ಬರೋ ಹಾಡುಗಳ ಧಾಟಿ ಅದರಲ್ಲೇ ಇರುತ್ತೆ. ಮೊದಲ ಅಂಕ ಸಾಮಾನ್ಯವಾಗಿ ಉದ್ದ, ಒಂದು ಗಂಟೆ ಮೇಲೇ ಹೋಗುತ್ತೆ, ಆಮೇಲಿನ ಬಿಡುವು 15ರಿಂದ 20 ನಿಮಿಷ ಅಷ್ಟೇ. ಶೌಚಾಲಯದ ಸಾಲಲ್ಲೇ ಅದು ಮುಗಿದುಹೋಗುತ್ತೆ, ಆದ್ದರಿಂದ ಶುರುವಿಗೆ ಮುಂಚೆನೇ ಹೋಗ್ಬನ್ನಿ. ಫೋನ್ ಸೈಲೆಂಟ್ ಸಾಲ್ದು, ಆಫ್ ಮಾಡಿ. ಸ್ಮಾರ್ಟ್‌ವಾಚ್ ಮರೀಬೇಡಿ, ಕೈ ಎತ್ತಿ ಚಪ್ಪಾಳೆ ಹೊಡೆದಾಗೆಲ್ಲ ಅದರ ಬೆಳಕು ಹೊತ್ಕೊಳ್ಳುತ್ತೆ.

ಮಧ್ಯೆ ಒಬ್ಬರ ದನಿ ಕಟ್ ಆದ್ರೆ ಗಾಬರಿ ಬೇಡ. ಮೈಕು ಹಣೆ ಮೇಲೆ, ಕೂದಲಂಚಲ್ಲಿ ಅಂಟಿಸಿರ್ತಾರೆ, ಬೆವರು ಇಳಿದ್ರೆ ಹಾಗಾಗುತ್ತೆ.

ಎಲ್ಲರೂ ನಮಸ್ಕರಿಸಿ ಹೋದ ತಕ್ಷಣ ಎದ್ದು ಓಡ್ಬೇಡಿ. ಎಷ್ಟೋ ಕಡೆ ವಾದ್ಯದವರು ಇನ್ನೂ ಎರಡು ನಿಮಿಷ ನುಡಿಸ್ತಿರ್ತಾರೆ. ಆಗ ಅಜ್ಜಿನ ಮೆಲ್ಲಗೆ ಮುಂದೆ ಕರ್ಕೊಂಡು ಹೋಗಿ, ತಗ್ಗಿನೊಳಗೆ ನುಡಿಸ್ತಿರೋರನ್ನ ಹತ್ತಿರದಿಂದ ನೋಡಲಿ.